ಅಕ್ಟೋಬರ್ 24ಕ್ಕೆ ಒಂದು ಹೆಟಾಲಿಯಾ ಕೂಟ: ಓದು, ಚರ್ಚೆ, ವೇಷ, ಊಟ

"ಏನಮ್ಮಾ ಈ ಪೈಪು? ಪ್ಲಂಬಿಂಗ್ ಕೆಲಸಾನಾ?"

ಪಾರ್ಕಿನ ಗೇಟಿನಲ್ಲಿ ಸೆಕ್ಯುರಿಟಿಯವರು ಕೇಳಿದ್ದು ನನ್ನನ್ನೇ. ನನ್ನ ಕೈಯಲ್ಲಿ ಮೂರಡಿ ಪಿವಿಸಿ ಪೈಪ್, ಅದರ ತುದಿಗೊಂದು ನಲ್ಲಿ. ಕುತ್ತಿಗೆಗೆ ಉಣ್ಣೆಯ ಮಫ್ಲರ್, ಮೈಮೇಲೆ ಅಣ್ಣನ ಹಳೇ ಉದ್ದ ಕೋಟು. ಬೆಂಗಳೂರಿನಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆ.

"ಇಲ್ಲ ಅಂಕಲ್, ನಾನು ರಷ್ಯಾ" ಎಂದೆ.

ಅವರು ನನ್ನನ್ನು ಒಳಗೆ ಬಿಟ್ಟರು. ಪೈಪನ್ನು ಬಿಡಲಿಲ್ಲ. ಅದು ಸಂಜೆಯವರೆಗೂ ಅವರ ಕುರ್ಚಿಯ ಹಿಂದೆಯೇ ಇತ್ತು.

ಇಂಥ ಯಡವಟ್ಟುಗಳನ್ನೆಲ್ಲ ನಾನು ಮಾಡಿ ಮುಗಿಸಿದ್ದೇನೆ. ನೀವು ಮತ್ತೆ ಮಾಡುವುದು ಬೇಡ ಅಂತ ಈ ಮಾರ್ಗದರ್ಶಿ. ಹೆಟಾಲಿಯಾ ಅಂದರೆ ಜಪಾನಿನ ಒಂದು ಮಾಂಗಾ, ಅಂದರೆ ಕಾಮಿಕ್ಸ್, ಮತ್ತು ಅದರಿಂದ ಬಂದ ಆನಿಮೆ, ಅಂದರೆ ಕಾರ್ಟೂನ್ ಸರಣಿ. ಆ ಹೆಸರು ಈಗಷ್ಟೇ ಕೇಳಿದವರಿಗೂ ಆಗುತ್ತದೆ, ಐದಾರು ಜನ ಸೇರಿ ಒಂದು ಮೀಟಪ್ ಮಾಡೋಣ ಅಂದುಕೊಂಡವರಿಗೂ ಆಗುತ್ತದೆ.

ಮೊದಲು ಒಂದು ಭಾನುವಾರ ಎತ್ತಿಡಿ

ಹೆಟಾಲಿಯಾದಲ್ಲಿ ದೇಶಗಳೇ ಮನುಷ್ಯರು. ಇಟಲಿ ಒಬ್ಬ ಹುಡುಗ. ಪಾಸ್ತಾ ಅಂದರೆ ಪ್ರಾಣ, ಯುದ್ಧ ಅಂದರೆ ಬಿಳಿ ಬಾವುಟ. ಜರ್ಮನಿ ಶಿಸ್ತಿನ ಮನುಷ್ಯ, ಇಟಲಿಯನ್ನು ಕಟ್ಟಿಕೊಂಡು ತಲೆ ಚಚ್ಚಿಕೊಳ್ಳುವವನು. ಜಪಾನ್ ಮಾತು ಕಮ್ಮಿ, ಗಮನ ಜಾಸ್ತಿ. ಜಪಾನಿನಲ್ಲಿ ಕೈಲಾಗದವನಿಗೆ 'ಹೆತಾರೆ' ಅನ್ನುತ್ತಾರೆ. ಅದಕ್ಕೆ ಇತಾರಿಯಾ, ಅಂದರೆ ಇಟಲಿ, ಸೇರಿಸಿದರೆ ಹೆಸರು ಬಂತು.

ಬರೆದವರು ಹಿದೆಕಾಜು ಹಿಮಾರುಯಾ. ನ್ಯೂಯಾರ್ಕಿನಲ್ಲಿ ಕಲೆ ಓದುತ್ತಿದ್ದಾಗ ತಮ್ಮದೇ ವೆಬ್‌ಸೈಟಿನಲ್ಲಿ ಸಣ್ಣ ಸ್ಟ್ರಿಪ್‌ಗಳಾಗಿ ಶುರು ಮಾಡಿದ್ದು. 2008ರಲ್ಲಿ ಪುಸ್ತಕವಾಗಿ ಬರತೊಡಗಿತು. 2014ರಿಂದ ಮುಂದಿನ ಭಾಗ 'ವರ್ಲ್ಡ್ ಸ್ಟಾರ್ಸ್' ಅನ್ನುವ ಹೆಸರಿನಲ್ಲಿ ಶೋನೆನ್ ಜಂಪ್ ಪ್ಲಸ್ ಅನ್ನುವ ಆನ್‌ಲೈನ್ ಮಾಂಗಾ ಪತ್ರಿಕೆಯಲ್ಲಿ ಬಂತು. ಆನಿಮೆ ಶುರುವಾಗಿದ್ದು 2009ರ ಜನವರಿಯಲ್ಲಿ, ಸ್ಟುಡಿಯೋ ಡೀನ್‌ನಿಂದ.

ಆನಿಮೆಯ ಒಂದು ಕಂತು ಸುಮಾರು ಐದೇ ನಿಮಿಷ. ಮೊದಲ ಎರಡು ಸೀಸನ್ ಸೇರಿ 52 ಕಂತು. ಅಂದರೆ ನಾಲ್ಕೂವರೆ ಗಂಟೆಯೊಳಗೆ ಮುಗಿಯುತ್ತದೆ. ಒಂದು ಭಾನುವಾರ ಸಾಕು, ನಡುವೆ ಊಟವನ್ನೂ ಮಾಡಬಹುದು.

ಕಥೆ ಸಾಲಾಗಿ ಹೋಗುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಇದ್ದವರು ಮುಂದಿನ ನಿಮಿಷ ಹದಿನೆಂಟನೇ ಶತಮಾನದ ಆಸ್ಟ್ರಿಯಾದ ಮನೆಯಲ್ಲಿ ಇರುತ್ತಾರೆ. ಮೊದಲ ಸಲ ತಲೆಬುಡ ಗೊತ್ತಾಗದಿದ್ದರೆ ಹೆದರಬೇಡಿ. ಎಲ್ಲರಿಗೂ ಹಾಗೇ ಆಗಿದೆ. ನೋಡುವಾಗ ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಳ್ಳಿ. 'ಇದು ನಿಜಾನಾ?' ಅನಿಸಿದ ಜಾಗಗಳನ್ನು ಬರೆದಿಡಿ. ಈ ಪಟ್ಟಿ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಭಾರತ ಎಲ್ಲಿ ಅಂತ ಹುಡುಕುತ್ತೀರಿ, ಗೊತ್ತು. ಭಾರತಕ್ಕೆ ಇದರಲ್ಲಿ ದೊಡ್ಡ ಪಾತ್ರವೇನಿಲ್ಲ. ಅದಕ್ಕೇ ನಮ್ಮ ಕಡೆಯ ಅಭಿಮಾನಿಗಳು ತಮ್ಮದೇ ಭಾರತವನ್ನು ಬರೆದುಕೊಳ್ಳುತ್ತಾರೆ. ದೇಶಕ್ಕೆ ಮುಖ ಕೊಡುವುದು ನಮಗೇನು ಹೊಸದಲ್ಲವಲ್ಲ. ಅಬನೀಂದ್ರನಾಥ ಟ್ಯಾಗೋರ್ 1905ರಲ್ಲೇ ನಾಲ್ಕು ಕೈಗಳ ಭಾರತಮಾತೆಯನ್ನು ಚಿತ್ರಿಸಿದ್ದರು. ಭುವನೇಶ್ವರಿಯ ಫೋಟೋ ಇಲ್ಲದೆ ನಮ್ಮ ಯಾವ ರಾಜ್ಯೋತ್ಸವ ನಡೆಯುತ್ತದೆ ಹೇಳಿ. ವ್ಯತ್ಯಾಸ ಒಂದೇ. ನಮ್ಮ ತಾಯಂದಿರಿಗೆ ನಾವು ಕೈ ಮುಗಿಯುತ್ತೇವೆ. ಹಿಮಾರುಯಾ ಅವರ ದೇಶಗಳು ಕಾಲು ಜಾರಿ ಬೀಳುತ್ತವೆ, ಜಗಳ ಆಡುತ್ತವೆ, ಅಡುಗೆ ಸೀಯಿಸುತ್ತವೆ.

ಗುಂಪಿನ ಮಾತು ಕಲಿಯಿರಿ

ಗುಂಪಿಗೆ ಸೇರಿದ ಮೊದಲ ದಿನ ಅರ್ಧ ಮಾತು ಅರ್ಥ ಆಗುವುದಿಲ್ಲ. ಇಷ್ಟು ಗೊತ್ತಿದ್ದರೆ ಸಾಕು. ನ್ಯೋಟಾಲಿಯಾ ಅಂದರೆ ಗಂಡು ಪಾತ್ರ ಹೆಣ್ಣಾಗಿ, ಹೆಣ್ಣು ಪಾತ್ರ ಗಂಡಾಗಿ ಬರುವುದು. ನೆಕೋಟಾಲಿಯಾದಲ್ಲಿ ಎಲ್ಲರೂ ಬೆಕ್ಕುಗಳು. 2ಪಿ ಅಂದರೆ ಅದೇ ಪಾತ್ರ ಬೇರೆ ಬಣ್ಣದಲ್ಲಿ, ಅಭಿಮಾನಿಗಳ ಕೈಯಲ್ಲಿ ಸಾಮಾನ್ಯವಾಗಿ ದುಷ್ಟನಾಗಿ. ಓಸಿ ಅಂದರೆ ನೀವೇ ಹುಟ್ಟಿಸಿದ ಪಾತ್ರ. ಎಯು ಅಂದರೆ ಬೇರೆಯೇ ಲೋಕದಲ್ಲಿ ನಡೆಯುವ ಕಥೆ: ಕಾಲೇಜು, ಕಾಫಿ ಅಂಗಡಿ, ಏನಾದರೂ. ಶಿಪ್ ಅಂದರೆ ಜೋಡಿ. ಶಿಪ್ ಜಗಳಕ್ಕೆ ಕೈ ಹಾಕಬೇಡಿ. ಇಷ್ಟೇ ನನ್ನ ಸಲಹೆ.

ಪಾತ್ರಗಳಿಗೆ ಮನುಷ್ಯರ ಹೆಸರೂ ಇದೆ. ಇಟಲಿ ಫೆಲಿಸಿಯಾನೋ ವರ್ಗಾಸ್, ಜರ್ಮನಿ ಲುಡ್ವಿಗ್, ಜಪಾನ್ ಕಿಕು ಹೊಂಡಾ, ಇಂಗ್ಲೆಂಡ್ ಆರ್ಥರ್ ಕರ್ಕ್‌ಲ್ಯಾಂಡ್, ಅಮೆರಿಕ ಆಲ್ಫ್ರೆಡ್ ಜೋನ್ಸ್, ರಷ್ಯಾ ಇವಾನ್ ಬ್ರಗಿನ್ಸ್ಕಿ. ಆನ್‌ಲೈನ್ ಮಾತುಕತೆಯಲ್ಲಿ ಈ ಹೆಸರುಗಳನ್ನೇ ಬಳಸಿ. ಸುಮ್ನೆ ಸ್ಟೈಲಿಗೆ ಅಲ್ಲ. 'ನನಗೆ ರಷ್ಯಾ ಅಂದ್ರೆ ಪ್ರಾಣ, ಪೋಲೆಂಡನ್ನು ಕಂಡ್ರೆ ನಗು ಬರುತ್ತೆ' ಅಂತ ನೀವು ಬರೆದಿದ್ದನ್ನು ಮಾಂಗಾ ಗೊತ್ತಿಲ್ಲದ ಒಬ್ಬರು ಓದಿದರೆ? ಅವರ ಊರಿನಲ್ಲಿ ಆವತ್ತು ಬಾಂಬ್ ಬಿದ್ದಿದ್ದರೆ?

ಜಪಾನಿನ ಅಭಿಮಾನಿಗಳು ಈ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ದೇಶದ ಹೆಸರು ಬರೆಯುವಾಗ ಅಕ್ಷರಗಳ ನಡುವೆ ಓರೆಗೆರೆ ಹಾಕುತ್ತಾರೆ. ಆ ದೇಶದ ಸುದ್ದಿ ಹುಡುಕುವವರಿಗೆ ತಮ್ಮ ಚಿತ್ರ, ಕಥೆ ಸಿಗದಿರಲಿ ಅಂತ. ಮೊದಮೊದಲು ನನಗಿದು ಅತಿ ಅನಿಸಿತ್ತು. ಈಗ ಹಾಗನಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಚರ್ಚೆಗೆ ಇಳಿಯುವ ಮೊದಲು

ಕೆಲವು ವರ್ಷದ ಹಿಂದೆ ಒಂದು ಗುಂಪಿನಲ್ಲಿ ಪೋಲೆಂಡಿನ ಹುಡುಗಿಯೊಬ್ಬಳ ಪರಿಚಯ ಆಯಿತು. ಕಥೆಯ ಪೋಲೆಂಡ್, ಅಂದರೆ ಫೆಲಿಕ್ಸ್, ತುಂಬಾ ತಮಾಷೆಯ ಪಾತ್ರ. ಪೋಲೆಂಡನ್ನು ಪ್ರಶ್ಯಾ (ಹಳೆಯ ಜರ್ಮನ್ ರಾಜ್ಯ), ರಷ್ಯಾ, ಆಸ್ಟ್ರಿಯಾ ಮೂರೂ ಸೇರಿ ಹಂಚಿಕೊಂಡು, 1795ರಿಂದ 1918ರವರೆಗೆ ಆ ದೇಶ ನಕ್ಷೆಯಲ್ಲೇ ಇರಲಿಲ್ಲ. ನಾನು ಜಾಣತನ ತೋರಿಸಲು ಹೋಗಿ, 'ನಿಮ್ಮ ಫೆಲಿಕ್ಸ್ 123 ವರ್ಷ ಗಿಲ್ಬರ್ಟ್ ಮನೇಲಿ ರಜಾ ಹಾಕಿ ಮಲಗಿದ್ದ' ಅಂತ ಬರೆದೆ. ಗಿಲ್ಬರ್ಟ್ ಅಂದರೆ ಪ್ರಶ್ಯಾ. ನಾಲ್ಕೈದು ಜನ ನಗುವ ಮುಖ ಹಾಕಿದರು.

ಅವಳು ಬೈಯಲಿಲ್ಲ. ಒಂದು ಊರಿನ ಹೆಸರು ಬರೆದಳು: ವ್ಝೆಶ್ನ್ಯಾ. 'ಪ್ರಶ್ಯಾದ ಕೈಲಿದ್ದ ಊರು. 1901ರಲ್ಲಿ ಅಲ್ಲಿನ ಶಾಲೆಯಲ್ಲಿ ಧರ್ಮದ ಪಾಠ ಜರ್ಮನ್‌ನಲ್ಲೇ ಆಗಬೇಕು ಅಂದರು. ಮಕ್ಕಳು ಒಪ್ಪಲಿಲ್ಲ. ಅವರಿಗೆ ಹೊಡೆದರು. ಓದಿ ನೋಡು' ಅಂದಳು.

ಓದಿದೆ. ತಮ್ಮ ಭಾಷೆಯಲ್ಲಿ ಪ್ರಾರ್ಥನೆ ಹೇಳುತ್ತೇವೆ ಅಂದ ಮಕ್ಕಳ ಕೈಗೆ ಬೆತ್ತ. ಕನ್ನಡ ಮೀಡಿಯಂನಲ್ಲಿ ಓದಿ, ಆಮೇಲೆ ಕಾನ್ವೆಂಟಿಗೆ ಸೇರಿ, ಕ್ಲಾಸಿನಲ್ಲಿ ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿದವಳು ನಾನು. ಆ ಪುಟ ಮುಚ್ಚಿದ ಮೇಲೆ ನನ್ನ ಜೋಕು ನನಗೇ ನಗು ತರಿಸಲಿಲ್ಲ. ಕ್ಷಮೆ ಕೇಳಿದೆ. 'ಗಿಲ್ಬರ್ಟ್ ನನಗೂ ಇಷ್ಟ ಕಣೇ, ಅದೇ ಕಷ್ಟ' ಅಂತ ಉತ್ತರ ಬಂತು. ಅವತ್ತಿನಿಂದ ನಾವು ಗೆಳತಿಯರು.

ಹಾಗಾಗಿ ಚರ್ಚೆಯಲ್ಲಿ ನಾನು ಪಾಲಿಸುವ ಒಂದು ಪದ್ಧತಿ ಇದೆ. ಏನೇ ಹೇಳುವಾಗಲೂ ಅದು ಮೂರರಲ್ಲಿ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ: ಕಥೆಯಲ್ಲಿ ಇರುವುದು, ಚರಿತ್ರೆಯಲ್ಲಿ ಇರುವುದು, ನಾವು ಊಹಿಸಿದ್ದು.

ಪ್ರಶ್ಯಾದ್ದೇ ಉದಾಹರಣೆ ತೆಗೆದುಕೊಳ್ಳಿ. ಪ್ರತಿ ಗುಂಪಿನಲ್ಲೂ ವರ್ಷಕ್ಕೊಮ್ಮೆ ಈ ಜಗಳ ಬರುತ್ತದೆ: ಗಿಲ್ಬರ್ಟ್ ಬದುಕಿದ್ದಾನಾ, ಸತ್ತಿದ್ದಾನಾ? ಚರಿತ್ರೆ ಹೇಳುವುದು ಏನು? 1871ರಲ್ಲಿ ಪ್ರಶ್ಯಾ ಮುಂದೆ ನಿಂತು ಜರ್ಮನ್ ಸಾಮ್ರಾಜ್ಯ ಕಟ್ಟಿತು. ಎರಡನೇ ಮಹಾಯುದ್ಧದಲ್ಲಿ ಗೆದ್ದ ದೇಶಗಳು 1947ರ ಫೆಬ್ರವರಿ 25ರಂದು ಒಂದು ಕಾನೂನು ಮಾಡಿ ಪ್ರಶ್ಯಾ ಇನ್ನಿಲ್ಲ ಅಂದವು. ಕಥೆ ಹೇಳುವುದು ಏನು? ಅವನು ತಮ್ಮ ಜರ್ಮನಿಯ ಮನೆಯಲ್ಲಿ ಆರಾಮಾಗಿ ಇದ್ದಾನೆ, ತಲೆಯ ಮೇಲೊಂದು ಹಳದಿ ಹಕ್ಕಿಮರಿ ಸಮೇತ. ಊಹೆಗಳು ಏನು? ಅವನೇ ಪೂರ್ವ ಜರ್ಮನಿಯಾದ ಅಂತ ಕೆಲವರು, ಪ್ರಶ್ಯಾದ ಹಳೆಯ ಊರು ಕೋನಿಗ್ಸ್‌ಬರ್ಗ್ ಈಗ ರಷ್ಯಾದ ಕಲಿನಿನ್‌ಗ್ರಾದ್ ಆಗಿರುವುದರಿಂದ ಅವನ ಅರ್ಧ ಜೀವ ಅಲ್ಲಿದೆ ಅಂತ ಕೆಲವರು. ಮೂರನ್ನೂ ಬೇರೆ ಮಾಡಿ ಇಟ್ಟುಕೊಂಡರೆ ಜಗಳ ಆಗುವುದಿಲ್ಲ, ಹರಟೆ ಆಗುತ್ತದೆ. ಹರಟೆಗೆ ತಾನೇ ನಾವು ಬಂದಿರುವುದು.

ನಮ್ಮಲ್ಲೇ ಇಂಥದ್ದೊಂದು ಒಗಟು ಇದೆ. 1956ರ ನವೆಂಬರ್ 1ರಂದು ಮುಂಬೈ ಪ್ರಾಂತ್ಯದ, ಹೈದರಾಬಾದಿನ, ಮದ್ರಾಸಿನ ಕನ್ನಡ ಜಿಲ್ಲೆಗಳು ಮತ್ತು ಕೊಡಗು ಮೈಸೂರಿನ ಜೊತೆ ಸೇರಿದವು. 1973ರಲ್ಲಿ ಅದೇ ದಿನ ಹೆಸರು ಕರ್ನಾಟಕ ಆಯಿತು. ಇದನ್ನು ಹೆಟಾಲಿಯಾ ಮಾದರಿಯಲ್ಲಿ ಬರೆಯುವುದಾದರೆ ಎಷ್ಟು ಜನ? ಮೈಸೂರಣ್ಣ ಹೆಸರು ಬದಲಾಯಿಸಿಕೊಂಡನೋ, ಐವರೂ ಒಂದೇ ಮನೆಗೆ ಬಂದ ಮೇಲೆ ಹೊಸ ಮಗು ಹುಟ್ಟಿತೋ? ಕಲಬುರಗಿಯ ಗೆಳತಿಯೊಬ್ಬಳು, 'ಐವರೂ ಇನ್ನೂ ಒಂದೇ ಮನ್ಯಾಗ ಇದ್ದಾರ, ಅಡಗಿ ಮಾತ್ರ ಬ್ಯಾರೆ ಬ್ಯಾರೆ' ಅಂದಳು. ನನಗೆ ಅದೇ ಸರಿ ಅನಿಸಿತು.

ಇನ್ನು ಇಂಗ್ಲೆಂಡ್. ದಪ್ಪ ಹುಬ್ಬು, ಸೀದುಹೋದ ಸ್ಕೋನ್ ಬನ್ನು, ಕಾಣದ ಯಕ್ಷಿಣಿಯರ ಜೊತೆ ಮಾತು: ಆರ್ಥರ್ ಮುದ್ದಾದ ಪಾತ್ರ, ಒಪ್ಪುತ್ತೇನೆ. ಆದರೆ ನಮಗೆ ಅವನ ಜೊತೆ ಹಳೇ ಲೆಕ್ಕ ಇದೆ. ಅದನ್ನು ಮುಚ್ಚಿಡುವುದೂ ಬೇಡ, ಇಂಗ್ಲೆಂಡಿನ ಹದಿನಾರರ ಹುಡುಗಿಯ ಮೇಲೆ ಹೊರಿಸುವುದೂ ಬೇಡ. ನಮ್ಮ ಕೂಟದಲ್ಲಿ ಆರ್ಥರ್ ವೇಷದವನು ಕಾಫಿ ಕೇಳಿದಾಗ ಒಬ್ಬಳು, 'ಮೊದಲು 1824ರ ಕಿತ್ತೂರಿನ ಲೆಕ್ಕ ಕೊಡಪ್ಪಾ' ಅಂದಳು. ಅವನು ಪರ್ಸ್ ತೆಗೆದು ಹತ್ತು ರೂಪಾಯಿ ಕೊಟ್ಟ. ಇಷ್ಟು ಇರಲಿ.

ಕೆಲವು ಜಾಗದಲ್ಲಿ ನಗು ನಡೆಯುವುದೇ ಇಲ್ಲ. ಆನಿಮೆಯನ್ನು ಜಪಾನಿನ ಕಿಡ್ಸ್ ಸ್ಟೇಷನ್ ಚಾನೆಲ್‌ನಲ್ಲಿ 2009ರ ಜನವರಿಯಲ್ಲಿ ಹಾಕಬೇಕಿತ್ತು. ಕೊರಿಯಾ ಪಾತ್ರವನ್ನು ಚಿತ್ರಿಸಿದ ರೀತಿಗೆ ದಕ್ಷಿಣ ಕೊರಿಯಾದಲ್ಲಿ ಭಾರೀ ವಿರೋಧ ಬಂತು. ಶುರುವಾಗಲು ವಾರದಷ್ಟೇ ಇರುವಾಗ ಚಾನೆಲ್ ಪ್ರಸಾರ ಕೈಬಿಟ್ಟಿತು. ಆಮೇಲೆ ಕಂತುಗಳು ಇಂಟರ್ನೆಟ್ ಮತ್ತು ಮೊಬೈಲ್‌ನಲ್ಲಿ ಬಂದವು. ಜಪಾನ್ 1910ರಿಂದ 1945ರವರೆಗೆ ಕೊರಿಯಾವನ್ನು ಆಳಿತ್ತು ಅನ್ನುವುದು ನೆನಪಿದ್ದರೆ, ಆ ಕೋಪ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಹೊಸಬರು ಗುಂಪಿಗೆ ಬಂದಾಗ ನಾನು ಈ ಕಥೆ ಮೊದಲೇ ಹೇಳುತ್ತೇನೆ. ನಿಯಮಗಳ ಪಟ್ಟಿ ಯಾರೂ ಓದುವುದಿಲ್ಲ, ಕಥೆ ಕೇಳುತ್ತಾರೆ.

ಭಾರತ-ಪಾಕಿಸ್ತಾನ ಜೋಡಿ ಮಾಡಿದ ಫ್ಯಾನ್‌ಫಿಕ್‌ಗಳೂ, ಅಂದರೆ ಅಭಿಮಾನಿಗಳು ಬರೆದ ಕಥೆಗಳೂ, ಕಣ್ಣಿಗೆ ಬೀಳುತ್ತವೆ. ವಿಭಜನೆಯಲ್ಲಿ ಮನೆ ಕಳೆದುಕೊಂಡವರ ಮೊಮ್ಮಕ್ಕಳು ನಿಮ್ಮ ಗುಂಪಿನಲ್ಲೇ ಇರಬಹುದು. ಹಂಚುವ ಮೊದಲು ಮೇಲೊಂದು ಸಾಲು ಎಚ್ಚರಿಕೆ ಬರೆಯಿರಿ.

ದಿನ ಮತ್ತು ಜಾಗ

ಅಕ್ಟೋಬರ್ 24 ವಿಶ್ವಸಂಸ್ಥೆಯ ದಿನ. 1945ರಲ್ಲಿ ಅದರ ಸನ್ನದು ಜಾರಿಗೆ ಬಂದ ದಿನ. ಹೆಟಾಲಿಯಾ ಅಭಿಮಾನಿಗಳು ಇದನ್ನೇ ಹೆಟಾಲಿಯಾ ಡೇ ಮಾಡಿಕೊಂಡಿದ್ದಾರೆ. ಬೇರೆ ಬೇರೆ ದೇಶಗಳಲ್ಲಿ ಆ ದಿನ, ಇಲ್ಲವೇ ಹತ್ತಿರದ ವಾರಾಂತ್ಯದಲ್ಲಿ, ವೇಷ ಹಾಕಿ ಸೇರುವ ರೂಢಿ ಬೆಳೆದಿದೆ. ಜಗತ್ತಿನ ದೇಶಗಳೆಲ್ಲ ಒಂದೇ ಮೇಜಿನ ಸುತ್ತ ಕೂತು ಗಲಾಟೆ ಮಾಡುವ ಕಥೆಗೆ ಇದಕ್ಕಿಂತ ಒಳ್ಳೇ ದಿನ ಬೇಕಾ?

ನಮಗಿರುವ ತೊಂದರೆ ಹಬ್ಬದ್ದು. 2023ರಲ್ಲಿ ಅಕ್ಟೋಬರ್ 24 ವಿಜಯದಶಮಿಯ ದಿನವೇ ಬಂತು. ನಾನು ಕ್ಯಾಲೆಂಡರ್ ನೋಡದೆ ಹದಿನಾಲ್ಕು ಜನಕ್ಕೆ ಮೆಸೇಜ್ ಹಾಕಿದ್ದೆ. ಬಂದವರು ಇಬ್ಬರು, ನಾನು ಸೇರಿ ಮೂವರು. ಅದರಲ್ಲೊಬ್ಬಳು ಬನ್ನಿ ಕೊಟ್ಟು, ಬಂಗಾರ ಆಗೋಣ ಅಂದು, ಅರ್ಧ ಗಂಟೆಯಲ್ಲಿ ಹೊರಟಳು. 2026ರಲ್ಲಿ ಅಕ್ಟೋಬರ್ 24 ಶನಿವಾರ, ದಸರಾ ಮುಗಿದಿರುತ್ತದೆ, ದೀಪಾವಳಿ ಇನ್ನೂ ದೂರ. ಅನುಕೂಲವಾಗಿದೆ.

ಅಕ್ಟೋಬರ್ ಕೊನೆ ಅಂದರೆ ನಮ್ಮ ಕಡೆ ಮಳೆ. ಬಯಲಲ್ಲಿ ಸೇರುವುದಾದರೆ ಬದಲಿ ಜಾಗ ಒಂದು ಇರಲೇಬೇಕು. ಯಾರದ್ದಾದರೂ ಮನೆಯ ಟೆರೇಸ್ ಮೇಲೆ ಶೀಟ್ ಹಾಕಿದ್ದರೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಪಾರ್ಕ್ ಆದರೆ ಒಂದು ವಾರ ಮೊದಲೇ ಹೋಗಿ ಗೇಟಿನ ಬೋರ್ಡ್ ಓದಿ, ಫೋಟೋ ತೆಗೆದುಕೊಂಡು ಗುಂಪಿಗೆ ಹಾಕಿ. ಊಟ ತರಬಹುದಾ, ಫೋಟೋಶೂಟ್‌ಗೆ ಅನುಮತಿ ಬೇಕಾ, ಗುಂಪು ಸೇರಬಹುದಾ ಅಂತ ಅಲ್ಲಿನವರನ್ನೇ ಕೇಳಿ. ಕೆಫೆ ಆದರೆ ಮಾಲೀಕರಿಗೆ ಮೊದಲೇ ಹೇಳಿ. ಮಿಲಿಟರಿ ಯೂನಿಫಾರ್ಮಿನಲ್ಲಿ ಹತ್ತು ಜನ ಒಟ್ಟಿಗೆ ಒಳಗೆ ಬಂದರೆ ಯಾರಾದರೂ ಗಾಬರಿ ಬೀಳುತ್ತಾರೆ.

ಹೊರದೇಶದ ಗೆಳೆಯರನ್ನು ವಿಡಿಯೋ ಕಾಲ್‌ನಲ್ಲಿ ಸೇರಿಸಿಕೊಳ್ಳುವುದಾದರೆ ನಮ್ಮ ಸಂಜೆ ಏಳೂವರೆ ಸರಿಯಾದ ಹೊತ್ತು. ಆಗ ಜರ್ಮನಿ, ಪೋಲೆಂಡ್‌ನಲ್ಲಿ ಸಂಜೆ ನಾಲ್ಕು, ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಹತ್ತು, ಟೋಕಿಯೋದಲ್ಲಿ ರಾತ್ರಿ ಹನ್ನೊಂದು. ಯುರೋಪಿನಲ್ಲಿ ಅಕ್ಟೋಬರಿನ ಕೊನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. 2026ರಲ್ಲಿ ಅದು 25ನೇ ತಾರೀಕು. ಕಾಲ್ ಭಾನುವಾರಕ್ಕೆ ಹೋದರೆ ಯುರೋಪಿನ ಲೆಕ್ಕ ಒಂದು ಗಂಟೆ ತಪ್ಪುತ್ತದೆ, ನೋಡಿಕೊಳ್ಳಿ.

ವೇಷ

ದುಡ್ಡು ಸುರಿಯಬೇಕಾಗಿಲ್ಲ. ಹೆಟಾಲಿಯಾದ ಪಾತ್ರಗಳನ್ನು ಒಂದೊಂದು ಗುರುತಿನಿಂದಲೇ ಹಿಡಿಯಬಹುದು. ಇಟಲಿಗೆ ತಲೆಯ ಒಂದು ಪಕ್ಕ ಎದ್ದು ನಿಂತ ಸುರುಳಿ ಕೂದಲು. ತೆಳ್ಳನೆ ತಂತಿಗೆ ಕಂದು ಉಲ್ಲನ್ ಸುತ್ತಿ ಕ್ಲಿಪ್ಪಿಗೆ ಕಟ್ಟಿದರೆ ಆಯಿತು. ಅದರ ಜೊತೆ ಕೋಲಿಗೆ ಬಿಳಿ ಕರ್ಚೀಫು. ಅಮೆರಿಕಕ್ಕೆ ಕನ್ನಡಕ, ಬೆನ್ನ ಮೇಲೆ 50 ಅಂತ ಬರೆದ ಕಂದು ಜಾಕೆಟ್. ಬರೆಯಲು ಮನಸ್ಸಿಲ್ಲದಿದ್ದರೆ ಬಟ್ಟೆಯ ಅಂಕಿ ಕತ್ತರಿಸಿ ಟಾಕಿ ಹಾಕಿ, ಆಮೇಲೆ ಬಿಚ್ಚಬಹುದು. ಕೆನಡಾಗೆ ಒಂದು ಬಿಳಿ ಕರಡಿ ಗೊಂಬೆ. ಇಂಗ್ಲೆಂಡಿಗೆ ಹುಬ್ಬು ಪೆನ್ಸಿಲ್ ಒಂದೇ ಸಾಕು, ಧಾರಾಳವಾಗಿ. ಜಪಾನಿನ ಬಿಳಿ ಯೂನಿಫಾರ್ಮ್ ಟೈಲರ್ ಹತ್ತಿರ ಹೊಲಿಸುವುದಾದರೆ, ನಿಂತ ಕಾಲರಿನ ಬಿಳಿ ಕೋಟು, ಮದುವೆ ಗಂಡಿಗೆ ಹೊಲಿಯುವ ಜೋಧ್‌ಪುರಿ ಥರ ಅಂತ ಹೇಳಿ. ತಕ್ಷಣ ಅರ್ಥ ಆಗುತ್ತದೆ. ನನ್ನ ಗೆಳೆಯ ಹಾಗೇ ಹೊಲಿಸಿದ. ಅದನ್ನೇ ತಮ್ಮನ ಆರತಕ್ಷತೆಗೂ ಹಾಕಿಕೊಂಡ.

ರಷ್ಯಾಗೆ ಪೈಪ್. ಅದರ ಕಥೆ ಆಗಲೇ ಹೇಳಿದೆ. ಬಂದೂಕಿನ ಆಟಿಕೆ ಅಂತೂ ಬೇಡವೇ ಬೇಡ. ಸ್ವಿಟ್ಜರ್‌ಲೆಂಡ್ ವೇಷದವರು ಬಹಳ ಬೇಜಾರು ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ. ಬದಲಿಗೆ ಕೈಗೊಂದು ಚಾಕೊಲೇಟ್ ಡಬ್ಬ ಕೊಡಿ.

ಇನ್ನು ಜರ್ಮನಿ. ಇಲ್ಲಿ ಸ್ವಲ್ಪ ನಿಂತು ಓದಿ. ಹಸಿರು ಯೂನಿಫಾರ್ಮ್, ಹಿಂದಕ್ಕೆ ಬಾಚಿದ ಕೂದಲು, ಕುತ್ತಿಗೆಗೆ ಕಬ್ಬಿಣದ ಶಿಲುಬೆ. ಆ ಶಿಲುಬೆ 1813ರಲ್ಲಿ ಪ್ರಶ್ಯಾದಲ್ಲಿ ಹುಟ್ಟಿದ್ದು. 1939ರಲ್ಲಿ ಅದರ ನಡುವೆ ನಾಜಿ ಸ್ವಸ್ತಿಕ ಸೇರಿಸಿದರು. ಆನ್‌ಲೈನ್‌ನಲ್ಲಿ ತರಿಸುವಾಗ ಎರಡೂ ಸಿಗುತ್ತವೆ. ಸಾದಾ ಇರುವುದನ್ನೇ ತೆಗೆದುಕೊಳ್ಳಿ. ನಮಗೆ ಸ್ವಸ್ತಿಕ ಅಂದರೆ ಹೊಸ ಸ್ಕೂಟರಿಗೂ ಅರಿಸಿನ ಕುಂಕುಮದಲ್ಲಿ ಬರೆಯುವ ಶುಭದ ಗುರುತು. ಅದಕ್ಕೇ ನಮ್ಮ ಹುಡುಗರಿಗೆ ಇದರ ತೂಕ ಬೇಗ ಗೊತ್ತಾಗುವುದಿಲ್ಲ. 'ನಮ್ಮದೇ ಚಿಹ್ನೆ ಅಲ್ವಾ' ಅನ್ನುತ್ತಾರೆ. ಬಾಗಿಲ ಮೇಲೆ ನಮ್ಮದು. ಜರ್ಮನ್ ಯೂನಿಫಾರ್ಮಿನ ಮೇಲೆ ಅದು ಅರವತ್ತು ಲಕ್ಷ ಯಹೂದಿಗಳನ್ನು ಕೊಂದವರದ್ದು. ಜರ್ಮನಿಯಲ್ಲಿರುವ ಕನ್ನಡಿಗರು ಇನ್ನೂ ಹುಷಾರಾಗಿರಬೇಕು. ಅಲ್ಲಿ ನಾಜಿ ಚಿಹ್ನೆ ಸಾರ್ವಜನಿಕವಾಗಿ ತೋರಿಸುವುದು, ಆ ಸೆಲ್ಯೂಟ್ ಹೊಡೆಯುವುದು ದಂಡಸಂಹಿತೆಯ 86ಎ ಪ್ರಕಾರ ಅಪರಾಧ. ತಮಾಷೆಗೆ ಅಂದರೆ ನಡೆಯುವುದಿಲ್ಲ. ಸೆಲ್ಯೂಟ್ ನಮ್ಮ ಕೂಟದಲ್ಲೂ ಇಲ್ಲ, ಫೋಟೋಗೂ ಇಲ್ಲ. ಒಬ್ಬ ಮಾಡಿದ ಅಂದರೆ ಅವನನ್ನು ಪಕ್ಕಕ್ಕೆ ಕರೆದು ಹೇಳಿ, ಆ ಫೋಟೋ ಅಲ್ಲೇ ಡಿಲೀಟ್ ಮಾಡಿಸಿ.

ಭಾರತದ ವೇಷ ಹಾಕುವವರಿಗೂ ಕಾನೂನು ಇದೆ. ರಾಷ್ಟ್ರಧ್ವಜವನ್ನು ಸೊಂಟದಿಂದ ಕೆಳಗಿನ ಉಡುಪಾಗಿ ಬಳಸುವುದು, ಕರ್ಚೀಫು, ದಿಂಬು, ನ್ಯಾಪ್‌ಕಿನ್ ಮೇಲೆ ಮುದ್ರಿಸುವುದು 1971ರ ಕಾಯ್ದೆಯ ಪ್ರಕಾರ ಧ್ವಜಕ್ಕೆ ಅವಮಾನ. ಹಾಗಾಗಿ ತ್ರಿವರ್ಣದ ಪಂಚೆ ಬೇಡ. ಧ್ವಜವನ್ನೇ ಉಡುವ ಬದಲು ಬೇರೆ ಗುರುತು ಹುಡುಕಿ. ನಮ್ಮಲ್ಲೊಬ್ಬಳು ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಸ್ಟೀಲ್ ಟಿಫನ್ ಕ್ಯಾರಿಯರ್ ಹಿಡಿದು ಬಂದಳು. ಎಲ್ಲರಿಗೂ ಊಟ ಬಡಿಸುತ್ತಾ ಎಲ್ಲರ ಮನೆ ವಿಚಾರ ಕೇಳುತ್ತಿದ್ದಳು. ನಾನು ಕಂಡ ಅತಿ ಒಳ್ಳೆಯ ಭಾರತ ಅದು.

ಆವತ್ತು ಏನು ಮಾಡುವುದು

ಫೋಟೋ ತೆಗೆದುಕೊಂಡು ಅರ್ಧ ಗಂಟೆಯಾದ ಮೇಲೆ ಎಲ್ಲರೂ ಫೋನ್ ನೋಡುತ್ತಾ ಕೂರುತ್ತಾರೆ. ಅದಕ್ಕೆ ಒಂದೆರಡು ಆಟ ಮೊದಲೇ ಯೋಚಿಸಿರಿ.

ನಮ್ಮಲ್ಲಿ ಚೆನ್ನಾಗಿ ನಡೆಯುವುದು 'ನಿಜಾನಾ, ಬುರುಡೆನಾ'. ನಿಮ್ಮ ನೋಟ್‌ಬುಕ್ ಪಟ್ಟಿ ಇತ್ತಲ್ಲ, ಅದು ಈಗ ಹೊರಗೆ ಬರಲಿ. ಪ್ರತಿಯೊಬ್ಬರೂ ಕಥೆಯಿಂದ ಅಥವಾ ಚರಿತ್ರೆಯಿಂದ ಒಂದು ವಿಚಿತ್ರ ಸಂಗತಿ ಹೇಳಬೇಕು, ಉಳಿದವರು ಊಹಿಸಬೇಕು. ಹೇಳುವವರು ಮೊದಲೇ ಪರೀಕ್ಷಿಸಿಕೊಂಡು ಬಂದಿರಬೇಕು. ಸೀಲ್ಯಾಂಡ್ ಯಾವಾಗಲೂ ಗೆಲ್ಲುತ್ತದೆ. ಕಥೆಯಲ್ಲಿ ಅವನು 'ನನ್ನನ್ನೂ ದೇಶ ಅನ್ನಿ' ಅಂತ ಹಟ ಮಾಡುವ ಪುಟ್ಟ ಹುಡುಗ. ನಿಜದಲ್ಲಿ ಅದು ಇಂಗ್ಲೆಂಡಿನ ಸಫೋಕ್ ತೀರದಾಚೆ ಸಮುದ್ರದಲ್ಲಿ ನಿಂತಿರುವ, ಎರಡನೇ ಮಹಾಯುದ್ಧ ಕಾಲದ ಒಂದು ಕೋಟೆಕಟ್ಟೆ. 1967ರಲ್ಲಿ ರಾಯ್ ಬೇಟ್ಸ್ ಅನ್ನುವವರು ಅದನ್ನು ತಮ್ಮ ದೇಶ ಅಂತ ಘೋಷಿಸಿಬಿಟ್ಟರು. ಮೊದಲ ಸಲ ಕೇಳಿದವರು ಬುರುಡೆ ಅಂತಲೇ ಕೈ ಎತ್ತುತ್ತಾರೆ.

ಇನ್ನೊಂದು ಆಟ ನಕ್ಷೆಯದ್ದು. ಗಡಿ ಮಾತ್ರ ಇರುವ ಹಾಳೆ ಕೊಟ್ಟು ಪಾತ್ರಗಳ ಹೆಸರು ತುಂಬಲು ಹೇಳಿ. ಭಾರತ ಇರುವ ನಕ್ಷೆ ಪ್ರಿಂಟ್ ಮಾಡುವಾಗ ಸರ್ವೆ ಆಫ್ ಇಂಡಿಯಾ ನಕ್ಷೆಯ ಗಡಿಯೇ ಇರಲಿ, ನೆಟ್ಟಿನಲ್ಲಿ ಸಿಕ್ಕಿದ್ದೆಲ್ಲ ಬೇಡ. ಯುರೋಪಿನ ನಕ್ಷೆ ಸಾಕು ಅನ್ನುವುದಾದರೆ ಈ ತಲೆನೋವೇ ಇಲ್ಲ.

ಆನಿಮೆಯ ಕೊನೆ ಹಾಡಿಗೆ ಒಂದೊಂದು ಪಾತ್ರದ್ದೂ ಬೇರೆ ಬೇರೆ ಆವೃತ್ತಿ ಇದೆ. ಅವನ್ನು ಹಾಕಿ ಯಾರದ್ದು ಅಂತ ಕೇಳಬಹುದು. ಪಾರ್ಕಿನಲ್ಲಾದರೆ ಸ್ಪೀಕರ್ ಬೇಡ, ನಡೆದಾಡಲು ಬಂದ ಹಿರಿಯರಿಗೆ ಕಿರಿಕಿರಿ.

ಚಿತ್ರ ಬರೆಯುವವರು, ಕಥೆ ಬರೆಯುವವರು ನಿಮ್ಮಲ್ಲಿದ್ದರೆ ಎಂಟು ಪುಟದ ಪುಟ್ಟ ಪುಸ್ತಕ ಮಾಡಿ, ಜೆರಾಕ್ಸ್ ತೆಗೆದು ಹಂಚಿ. ಜಪಾನಿನಲ್ಲಿ ಇದಕ್ಕೆ ದೋಜಿನ್‌ಶಿ ಅನ್ನುತ್ತಾರೆ. ಟೋಕಿಯೋದ ಕಾಮಿಕೆಟ್ ಈಗ ಲಕ್ಷಾಂತರ ಜನ ಸೇರುವ, ಇಂಥ ಪುಸ್ತಕಗಳ ಜಾತ್ರೆ. ಅದು 1975ರ ಡಿಸೆಂಬರಿನಲ್ಲಿ ಶುರುವಾದಾಗ ಮೇಜು ಹಾಕಿದ್ದು 32 ಗುಂಪು, ಬಂದವರು ಸುಮಾರು 700 ಜನ. ಒಂದೇ ಕೃತಿಯ ಅಭಿಮಾನಿಗಳಿಗೆ ಮೀಸಲಾದ ಸಣ್ಣ ಮೇಳಗಳೂ ಅಲ್ಲಿ ನಡೆಯುತ್ತವೆ. ಅಲ್ಲಿನವರು ತಮ್ಮ ಪುಸ್ತಕದ ಕೊನೇ ಪುಟದಲ್ಲಿ, ಇದು ಅಭಿಮಾನಿಗಳ ಕೆಲಸ, ಕಥೆಯ ದೇಶಗಳಿಗೂ ನಿಜದ ದೇಶಗಳಿಗೂ ಸಂಬಂಧ ಇಲ್ಲ ಅಂತ ಒಂದು ಸಾಲು ಹಾಕುತ್ತಾರೆ. ನಾವೂ ಹಾಕುತ್ತೇವೆ. ಮಾರಾಟ ಮಾತ್ರ ಮಾಡುವುದಿಲ್ಲ, ಜೆರಾಕ್ಸ್ ಖರ್ಚನ್ನು ಎಲ್ಲರೂ ಹಂಚಿಕೊಳ್ಳುತ್ತೇವೆ.

ಊಟ

ಒಬ್ಬೊಬ್ಬರು ಒಂದೊಂದು ದೇಶದ ತಿಂಡಿ. ಪಾಸ್ತಾ ತರುವವರು ನೂರು ಜನ ಮುಂದೆ ಬರುತ್ತಾರೆ, ಒಬ್ಬರೇ ತರಲಿ. ಬೇಯಿಸಿದ ಪಾಸ್ತಾ ತಣ್ಣಗಾದರೆ ಹಿಟ್ಟಿನ ಮುದ್ದೆ. ಸ್ವಲ್ಪ ಗಟ್ಟಿ ಇರುವಾಗಲೇ ಬಸಿದು, ಎಣ್ಣೆ ಸವರಿ, ಸಾಸನ್ನು ಬೇರೆ ಡಬ್ಬಿಯಲ್ಲಿ ತನ್ನಿ. ಜರ್ಮನಿಗೆ ಆಲೂಗಡ್ಡೆ ಸಲಾಡ್. ಜಪಾನಿಗೆ ಸೌತೆಕಾಯಿ ಹಾಕಿದ ಅನ್ನದ ಸುರುಳಿ. ಇಂಗ್ಲೆಂಡ್ ಪಾಲಿಗೆ ಬೇಕರಿಯ ಬೆಣ್ಣೆ ಬಿಸ್ಕತ್ತು, ಬೇಕಂತಲೇ ಒಂದೆರಡು ಸೀಯಿಸಿಕೊಂಡು ತಂದರೆ ಚಪ್ಪಾಳೆ ಗ್ಯಾರಂಟಿ.

ಡಬ್ಬಿಯ ಮೇಲೆ ಚೀಟಿ ಅಂಟಿಸಿ: ಸಸ್ಯಾಹಾರವಾ, ಮೊಟ್ಟೆ ಇದೆಯಾ, ಕಡಲೆಕಾಯಿ ಇದೆಯಾ. ಒಂದು ಸಲ ಕೇಕಿನಲ್ಲಿ ಮೊಟ್ಟೆ ಇದೆ ಅಂತ ಅರ್ಧ ತಿಂದ ಮೇಲೆ ಗೊತ್ತಾಗಿ ಒಬ್ಬಳು ಅಳುಮುಖ ಮಾಡಿದ್ದಳು. ಆಮೇಲೆ ಆ ದಿನದ ಮಜಾನೇ ಹೋಯಿತು.

ಫೋಟೋ, ಮಕ್ಕಳು, ಮನೆಗೆ ಹೋಗುವುದು

ಬರುವವರಲ್ಲಿ ಅರ್ಧ ಜನ ಶಾಲೆ, ಪಿಯುಸಿ ಮಕ್ಕಳೇ ಇರುತ್ತಾರೆ. ಹದಿನೆಂಟು ತುಂಬದವರ ಅಪ್ಪ ಅಮ್ಮನಿಗೆ ನೀವೇ ಫೋನ್ ಮಾಡಿ ಮಾತಾಡಿ. ಜಾಗ, ಶುರುವಾಗುವ ಹೊತ್ತು, ಮುಗಿಯುವ ಹೊತ್ತು ಹೇಳಿ. ಯಾರಾದರೂ ಅಮ್ಮ ನಾನೂ ಬರುತ್ತೇನೆ ಅಂದರೆ ಸಂತೋಷದಿಂದ ಕರೆಯಿರಿ. ನಮ್ಮ ಕೂಟಕ್ಕೆ ಹಾಗೆ ಬಂದ ಆಂಟಿಯೊಬ್ಬರು ಮೂಲೆಯಲ್ಲಿ ಹೂ ಕಟ್ಟುತ್ತಾ ಕೂತಿದ್ದರು. ಕೊನೆಗೆ ಆಸ್ಟ್ರಿಯಾ ಯಾರನ್ನು ಮದುವೆ ಆದ ಅಂತ ಅವರಿಗೇ ಹೆಚ್ಚು ಕುತೂಹಲ. ಹಂಗೆರಿಯನ್ನ ಅಂದಾಗ, 'ಮತ್ತೆ ಯಾಕೆ ಬಿಟ್ಟ?' ಅಂತ ಕೇಳಿದರು. 1918ರಲ್ಲಿ ಮೊದಲ ಮಹಾಯುದ್ಧ ಸೋತು ಮನೆ ಒಡೆಯಿತು ಆಂಟಿ ಅಂತ ವಿವರಿಸಲು ಇಪ್ಪತ್ತು ನಿಮಿಷ ಹಿಡಿಯಿತು.

ಫೋಟೋ ಹಾಕುವ ಮೊದಲು ಅದರಲ್ಲಿರುವ ಪ್ರತಿಯೊಬ್ಬರನ್ನೂ ಕೇಳಿ. ಮನೆಯಲ್ಲಿ ಹೇಳದೆ ವೇಷ ಹಾಕಿದವರು ಇರುತ್ತಾರೆ. ಮುಖ ಬೇಡ ಅಂದವರಿಗೆ ಕೈಗೆ ಒಂದು ಬಣ್ಣದ ದಾರ ಕಟ್ಟಿ, ಫೋಟೋ ತೆಗೆಯುವವರಿಗೆ ದೂರದಿಂದಲೇ ಗೊತ್ತಾಗುತ್ತದೆ. ವೇಷ ಹಾಕಿದವರನ್ನು ಕೇಳದೆ ಮುಟ್ಟುವುದು, ಅಪ್ಪಿಕೊಳ್ಳುವುದು ಬೇಡ, ಪಾತ್ರ ಎಷ್ಟೇ ಮುದ್ದಾಗಿದ್ದರೂ. ಕತ್ತಲಾಗುವ ಮೊದಲು ಮುಗಿಸಿ. ಮೆಟ್ರೋದಲ್ಲಿ ಹೋಗುವವರು ಜೋಡಿಯಾಗಿ ಹೋಗಲಿ, ಮನೆ ಮುಟ್ಟಿದ ಮೇಲೆ ಮೆಸೇಜ್ ಹಾಕಲಿ. ವಿಡಿಯೋ ಕಾಲ್ ಮನೆಗೆ ಹೋದ ಮೇಲೆ ಇರಲಿ, ಎಲ್ಲರೂ ಕಾಲು ಚಾಚಿಕೊಂಡು ಮಾತಾಡಬಹುದು. ಪೋಲೆಂಡಿನ ಗೆಳತಿ ಹೋದ ಸಲ ಕಾಲ್‌ಗೆ ಬಂದಿದ್ದಳು. ಗಿಲ್ಬರ್ಟ್ ವೇಷದಲ್ಲಿ, ತಲೆಯ ಮೇಲೆ ಹಳದಿ ಉಲ್ಲನ್ನಿನ ಹಕ್ಕಿಮರಿ ಇಟ್ಟುಕೊಂಡು.

ಹೊರಡುವಾಗ ಕಸ ಹೆಕ್ಕಿ, ಗೇಟಿನವರಿಗೆ ಥ್ಯಾಂಕ್ಸ್ ಹೇಳಿ, ಅವರ ಹತ್ತಿರ ಬಿಟ್ಟ ಸಾಮಾನು ಮರೆಯದೆ ತೆಗೆದುಕೊಳ್ಳಿ. ನಾನು ಸಂಜೆ ಹೋದಾಗ ಸೆಕ್ಯುರಿಟಿ ಅಂಕಲ್ ಪೈಪ್ ಕೊಡುತ್ತಾ, "ರಷ್ಯಾ ಮೇಡಂ, ನಲ್ಲಿ ಲೂಸ್ ಇತ್ತು, ಟೈಟ್ ಮಾಡಿದೀನಿ" ಅಂದರು. ಅದೀಗ ನಮ್ಮ ಟೆರೇಸ್ ಮೇಲೆ ಅಮ್ಮನ ಹೀರೆ ಬಳ್ಳಿಗೆ ಆಸರೆ. ಅಕ್ಟೋಬರ್ ಹೊತ್ತಿಗೆ ಬಿಡಿಸಿಕೊಳ್ಳಬೇಕು.